ಪಾರ್ಕಿನ ಕಾಯಿಲೆ

ಕಾಲೇಜಿನ ಸೂಚನಾ ಫಲಕದ ಫೋಟೋವನ್ನು ಜೂನಿಯರ್ ಒಬ್ಬಳು ನನ್ನ ಮೊಬೈಲಿಗೆ ಕಳಿಸಿದ್ದಳು. ‘ದೀರ್ಘಕಾಲದಿಂದ ಪಾರ್ಕಿನ್ಸನ್ ಕಾಯಿಲೆಯಿಂದ ಬಳಲುತ್ತಿದ್ದ, ನಮ್ಮ ಅಂಗರಚನಾಶಾಸ್ತ್ರ ವಿಭಾಗದ ನಿವೃತ್ತ ಅಧ್ಯಾಪಕಿಯವರು ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ.’ ಸುದ್ದಿ ನನಗೆ ಹೊಸದಲ್ಲ. ಹಿಂದಿನ ದಿನವೇ ಮಣ್ಣಿಗೆ ಹೋಗಿ ಬಂದಿದ್ದೆ. ಆದರೂ ಆ ಸಾಲನ್ನು ಓದುವಾಗ ಅವರ ಕೆಂಪು ಪೆನ್ನು ನೆನಪಾಯಿತು. ಅವರಾಗಿದ್ದರೆ ‘ಪಾರ್ಕಿನ್ಸನ್’ ಎಂಬ ಪದಕ್ಕೊಂದು ಸುತ್ತು ಹಾಕಿ, ‘ಬಳಲುತ್ತಿದ್ದ’ ಎಂಬುದರ ಕೆಳಗೊಂದು ಗೆರೆ ಎಳೆದು, ಪಕ್ಕದಲ್ಲಿ ಬರೆಯುತ್ತಿದ್ದರು: ‘ಏನು ನೋಡಿದಿರಿ?’

ನಮ್ಮ ಇಂಟರ್ನಲ್ ಪರೀಕ್ಷೆಯ ಉತ್ತರ ಪತ್ರಿಕೆಗಳ ಮೇಲೆಲ್ಲ ಆ ಪ್ರಶ್ನೆ ಇರುತ್ತಿತ್ತು. ನಾನು ಈಗ ಬರೆಯುತ್ತಿರುವುದು ಅದಕ್ಕೆ ತಡವಾಗಿ ಕೊಟ್ಟ ಉತ್ತರ. ಅವರ ಹೆಸರನ್ನು ಬರೆಯುವುದಿಲ್ಲ. ಹೆಸರು ಸಿಕ್ಕಿದ ಕೂಡಲೇ ಜನ ನೋಡುವುದನ್ನು ಬಿಡುತ್ತಾರೆ ಎನ್ನುವುದು ಅವರ ಬಹಳ ದಿನದ ದೂರು.

ಫಿಸಿಯೋಥೆರಪಿ ಓದಲು ನಾನು ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮೊದಲ ದಿನ ಮೇಡಂ ತರಗತಿಗೆ ಬಂದವರು ನಮಸ್ಕಾರ, ಪರಿಚಯ ಏನೂ ಇಲ್ಲದೆ ಬಲಗೈಯ ಹೆಬ್ಬೆರಳನ್ನು ಹಿಂದಕ್ಕೆ ಚಾಚಿ, ಮಣಿಕಟ್ಟನ್ನು ನಮ್ಮ ಕಡೆ ತಿರುಗಿಸಿ ನಿಂತರು.

“ಇದೇನು?”

ಮುಂದಿನ ಬೆಂಚಿನವನು ರಜೆಯಲ್ಲೇ ಪುಸ್ತಕ ಓದಿಕೊಂಡು ಬಂದಿದ್ದ. “ಅನಾಟಮಿಕಲ್ ಸ್ನಫ್ ಬಾಕ್ಸ್, ಮೇಡಂ.”

“ಹೆಸರು ಆಮೇಲೆ. ಏನು ಕಾಣ್ತಿದೆ ಹೇಳು.”

ಅವನು ಸುತ್ತಮುತ್ತ ನೋಡಿದ. “ಒಂದು... ಗುಂಡಿ ಥರ, ಮೇಡಂ.”

“ಎಲ್ಲಿ?”

“ಎರಡು ಹುರಿ ಮಧ್ಯೆ.”

“ಹಾಂ. ಈಗ ನೋಡ್ದೆ. ನಮ್ಮಪ್ಪ ಈ ಗುಂಡಿಗೇ ನಶ್ಯ ಹಾಕ್ಕೊಂಡು ಏರಿಸ್ತಿದ್ರು. ಅವರಿಗೆ ಅನಾಟಮಿ ಗೊತ್ತಿರಲಿಲ್ಲ, ಗುಂಡಿ ಗೊತ್ತಿತ್ತು. ಎಲ್ಲರೂ ನಿಮ್ಮ ನಿಮ್ಮ ಕೈಲಿ ಹುಡುಕಿ. ಸಿಗದಿದ್ದೋರು ಪಕ್ಕದೋರ ಕೈ ಕೇಳಿ.”

ಹಾಗೆಂದು ಅವರು ಹೆಸರುಗಳ ವಿರೋಧಿಯಾಗಿರಲಿಲ್ಲ. ಹೊಸ ಪಠ್ಯಪುಸ್ತಕಗಳು ವೈದ್ಯರ ಹೆಸರುಗಳನ್ನು ಒಂದೊಂದಾಗಿ ಬಿಡುತ್ತ ಬಂದಿದ್ದವು. ಯುಸ್ಟೇಶಿಯನ್ ಟ್ಯೂಬ್ ಹೋಗಿ ಆಡಿಟರಿ ಟ್ಯೂಬ್ ಆಯಿತು, ಫೆಲೋಪಿಯನ್ ಟ್ಯೂಬ್ ಹೋಗಿ ಯುಟರೈನ್ ಟ್ಯೂಬ್ ಬಂತು. ಮೇಡಂಗೆ ಇದು ಹಳೇ ಬೀದಿಯಿಂದ ಯಾರೋ ಮನೆ ಖಾಲಿ ಮಾಡಿಕೊಂಡು ಹೋದಂತೆ. ಪಾಠ ಮುಗಿದ ಮೇಲೆ ಚಾಕ್‌ಪೀಸಿನ ಪುಡಿ ಕೊಡವಿಕೊಳ್ಳುತ್ತ ಹೇಳುತ್ತಿದ್ದರು: “ಈಗ ಇಲ್ಲಿ ಯಾರಿದ್ರು ಅಂತ ಕೇಳಿ. ಫೆಲೋಪಿಯಸ್ ಅಂತ ಒಬ್ಬ ಇದ್ದ. ಇದನ್ನ ನೋಡಿದಾಗ ಅವನಿಗೆ ಕಹಳೆ ನೆನಪಾಯ್ತು. ತನ್ನ ಹೆಸರು ಹಾಕ್ಲಿಲ್ಲ, ಕಹಳೆ ಅಂತ ಬರೆದ. ಆಮೇಲಿನೋರು ಅವನ ಹೆಸರು ಅಂಟಿಸಿದ್ರು.” ಹೆಸರೆಂದರೆ ನೋಡಿ ಮುಗಿಸಿದವರು ಹೋದ ಮೇಲೆ ಬಾಗಿಲಿಗೆ ಹಾಕುವ ಬೋರ್ಡು, ಬೋರ್ಡು ಓದಿ ಮನೆ ನೋಡಿದೆ ಅನ್ನಬೇಡಿ ಎನ್ನುವುದು ಅವರ ಮಾತು.

ಅವರು ಎರಡೂ ಕೈಯಲ್ಲಿ ಚಿತ್ರ ಬರೆಯುತ್ತಿದ್ದರು. ಬೋರ್ಡಿನ ನಡುವೆ ನಿಂತು, ಬಲಗೈಯಲ್ಲಿ ಒಂದು ಚಾಕ್‌ಪೀಸು, ಎಡಗೈಯಲ್ಲಿ ಇನ್ನೊಂದು ಹಿಡಿದು, ತಲೆಬುರುಡೆಯನ್ನು ನೆತ್ತಿಯಿಂದ ಗಲ್ಲದವರೆಗೆ ಎರಡೂ ಕಡೆ ಒಟ್ಟಿಗೇ ಇಳಿಸುತ್ತಿದ್ದರು. ಎರಡು ಗೆರೆಗಳು ಗಲ್ಲದಲ್ಲಿ ಬಂದು ಕೂಡುವಾಗ ತರಗತಿಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ.

ನಾನು ಓಲ್ಡ್ ಟೌನಿನವಳು, ಅವರ ಮನೆ ಜನ್ನಾಪುರದಲ್ಲಿ. ಬೆಳಿಗ್ಗೆ ಇಬ್ಬರಿಗೂ ಭದ್ರಾವತಿ ಬಸ್ ನಿಲ್ದಾಣದಿಂದ ಒಂದೇ ಬಸ್ಸು. ಮೊದಲೆಲ್ಲ ನಾನು ಹಿಂದಿನ ಸೀಟಿಗೆ ಹೋಗಿ ಕೂತುಬಿಡುತ್ತಿದ್ದೆ. ಒಂದು ದಿನ ಅವರು ತಮ್ಮ ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ತೊಡೆಗೆ ಎತ್ತಿಕೊಂಡು, “ಬಾ ಮಾರಾಯ್ತಿ, ಇಲ್ಲೇನು ಪ್ರಶ್ನೆ ಕೇಳಲ್ಲ” ಎಂದರು. ಅದು ಸುಳ್ಳು. ಮಾಚೇನಹಳ್ಳಿಯಲ್ಲಿ ಕೆಲಸಗಾರರು ಇಳಿದು ಕಾರ್ಖಾನೆಗಳ ಕಡೆ ನಡೆಯುವಾಗ ಕಿಟಕಿಯಿಂದ ತೋರಿಸಿ ಕೇಳುತ್ತಿದ್ದರು: ಆ ನೀಲಿ ಶರ್ಟಿನವನಿಗೆ ಸೊಂಟದ ಯಾವ ಕಡೆ ನೋಯುತ್ತಿದೆ? ಟಿಫಿನ್ ಕ್ಯಾರಿಯರ್ ಹಿಡಿದವನ ಎಡಪಾದ ನೆಲಕ್ಕೆ ಮೊದಲು ಎಲ್ಲಿ ತಾಗುತ್ತಿದೆ?

“ಪಾರ್ಕಿನ್ಸನ್ ಹೀಗೇ ನೋಡಿದ್ದು ಕಣೆ. ಲಂಡನ್ನಿನಲ್ಲಿ. ಅವನು ಬರೆದ ರೋಗಿಗಳಲ್ಲಿ ಎಲ್ಲರೂ ಅವನ ಹತ್ರ ಬಂದೋರಲ್ಲ. ಕೆಲವರನ್ನ ಬೀದೀಲಿ ನೋಡಿ ಬರೆದ. ಅವನೂ ತನ್ನ ಹೆಸರು ಇಡ್ಲಿಲ್ಲ. ನಡುಗುವ ಲಕ್ವ ಅನ್ನೋ ಅರ್ಥದಲ್ಲಿ ಬರೆದಿದ್ದ. ಎಷ್ಟೋ ವರ್ಷದ ಮೇಲೆ ಫ್ರಾನ್ಸಿನ ಇನ್ನೊಬ್ಬ ಡಾಕ್ಟ್ರು, ಇದು ಆತನ ಹೆಸರಲ್ಲಿ ಇರಲಿ ಅಂದ. ಕಾಯಿಲೆ ಅವನದಲ್ಲ, ನೋಟ ಅವನದು.”

ಆ ಕಾಯಿಲೆಯ ನಡುಕವನ್ನು ಪುಸ್ತಕಗಳು ಬೆರಳಲ್ಲಿ ಮಾತ್ರೆ ಉರುಳಿಸುವುದಕ್ಕೆ ಹೋಲಿಸುತ್ತವೆ. ಮೇಡಂ ಅದನ್ನು ಒಪ್ಪಿರಲಿಲ್ಲ. “ನಮ್ಮಲ್ಲಿ ಮಾತ್ರೆ ಉರುಳಿಸೋರನ್ನ ಯಾರು ಕಂಡಿದ್ದೀರ? ಬತ್ತಿ ಹೊಸೆಯೋದು ಅಂತ ನೆನಪಿಟ್ಕೊಳ್ಳಿ. ಅಜ್ಜಿ ದೇವರ ಮನೇಲಿ ಹತ್ತಿ ತಗೊಂಡು ಕೂತಿದ್ದಾರೆ, ಹೆಬ್ಬೆರಳು ಹೀಗೆ ಹೋಗ್ತಿದೆ.” ಪರೀಕ್ಷೆಯಲ್ಲಿ ನಾವೆಲ್ಲ ಬತ್ತಿ ಹೊಸೆದೇ ಪಾಸಾದೆವು.

ಇಲ್ಲಿ ಗಿರಿಜಮ್ಮನವರ ವಿಷಯ ಹೇಳಬೇಕು. ಜನ್ನಾಪುರದಲ್ಲಿ ಮೇಡಂ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮೇಡಂಗಿಂತ ವಯಸ್ಸಿನಲ್ಲಿ ಹಿರಿಯರು, ಲಿಂಗಪೂಜೆ ಆಗದೆ ಕಾಫಿ ಕುಡಿಯುವವರಲ್ಲ. ಒಮ್ಮೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ, ಕೈಯೂರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆಸ್ಪತ್ರೆಯಿಂದ ಪ್ಲಾಸ್ಟರ್ ಹಾಕಿಸಿಕೊಂಡು ಬಂದವರು ಸೀದಾ ಮೇಡಂ ಮನೆಗೆ ನುಗ್ಗಿದರಂತೆ. ಮುಂದಿನ ಮಾತುಕತೆಯನ್ನು ಮೇಡಂ ಬಸ್ಸಿನಲ್ಲಿ ಎರಡೂ ದನಿಗಳಲ್ಲಿ ಆಡಿ ತೋರಿಸಿದ್ದರು.

“ನೋಡಿ ಮೇಡಮ್ಮೋರೆ, ಆ ಡಾಕ್ಟ್ರು ನಂಗೆ ಕೋಳಿ ಫ್ರ್ಯಾಕ್ಚರ್ ಅಂತ ಬರ್ಕೊಟ್ಟಿದ್ದಾರೆ! ನಮ್ಮನೇಗೆ ಮೊಟ್ಟೆ ಕೂಡ ಬರಲ್ಲ. ಕೋಳಿ ಅಟ್ಟಿಸ್ಕೊಂಡು ಹೋಗಿ ಬಿದ್ದೆ ಅಂತ ತಿಳ್ಕೊಂಡ್ರಾ? ಬೀಗರು ಚೀಟಿ ಓದಿದ್ರೆ ಏನ್ ಗತಿ?”

“ಕೋಳಿ ಅಲ್ಲ ಗಿರಿಜಮ್ಮ, ಕೋಲಿಸ್. ಅದು ಒಬ್ಬ ಡಾಕ್ಟ್ರ ಹೆಸರು.”

“ಯಾವೂರಿನೋರು?”

“ದೂರ. ಐರ್ಲೆಂಡ್ ಅಂತ ದೇಶ.”

“ಪಾಪ, ಅವರೂ ಕೈ ಮುರ್ಕೊಂಡಿದ್ರಾ?”

“ಇಲ್ಲ. ಎಕ್ಸ್‌ರೇ ಇಲ್ಲದ ಕಾಲದಲ್ಲಿ ಇಂಥ ಕೈ ನೋಡಿ, ಎಲ್ಲಿ ಮುರಿದಿದೆ ಅಂತ ಸರಿಯಾಗಿ ಬರೆದೋರು.”

“ಅಂದ್ರೆ ಮುರ್ಕೊಂಡಿದ್ದು ನಾನು, ಹೆಸರು ಅವರದ್ದಾ? ಚೆನ್ನಾಗಿದೆ ಬಿಡಿ!”

ಈ ಕೊನೆಯ ಮಾತು ಮೇಡಂಗೆ ಎಷ್ಟು ಹಿಡಿಸಿತೆಂದರೆ, ಆಮೇಲೆ ಪ್ರತಿ ವರ್ಷ ಮುಂಗೈ ಮೂಳೆಗಳ ಪಾಠವನ್ನು ಅದರಿಂದಲೇ ಮುಗಿಸುತ್ತಿದ್ದರು. ಗಿರಿಜಮ್ಮನವರಂತೂ ಮೊಮ್ಮಗಳ ನಾಮಕರಣಕ್ಕೆ ರೊಟ್ಟಿ ತಟ್ಟಬೇಕೆಂದು ಹಟ ಹಿಡಿದು ಪ್ಲಾಸ್ಟರನ್ನು ಬೇಗ ಬಿಚ್ಚಿಸಿಕೊಂಡರು. ಮಣಿಕಟ್ಟು ಸ್ವಲ್ಪ ಸೊಟ್ಟಕ್ಕೆ ಕೂಡಿಕೊಂಡಿತು.

ನನ್ನ ಓದು ಮುಗಿದು, ಶಿವಮೊಗ್ಗದಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಬಸ್ಸು, ಸೀಟು ಬದಲಾಗಲಿಲ್ಲ. ಒಂದು ದಿನ ಜೂನಿಯರ್‌ಗಳು ಸಿಕ್ಕಾಗ, ಮೇಡಂ ಈಗ ಬೋರ್ಡಿನ ಮೇಲೆ ಬಲ ಅರ್ಧ ಮಾತ್ರ ಬರೆಯುತ್ತಾರೆ ಎಂದರು. ಎಡಗಡೆಯದನ್ನು ಯಾರಾದರೂ ಹುಡುಗರನ್ನು ಕರೆದು ಪೂರ್ತಿ ಮಾಡಿಸುತ್ತಾರಂತೆ. ‘ಸೂಪರ್ ಟೀಚಿಂಗ್ ಮೆಥಡ್ ಅಕ್ಕ’ ಎಂದಳು ಒಬ್ಬಳು.

ಅದಾದ ಮೇಲೆ ನಾನು ನೋಡತೊಡಗಿದೆ. ಒಂದು ಸಂಜೆ ಶಿವಮೊಗ್ಗದಿಂದ ವಾಪಸು ಬರುವಾಗ ಅವರ ಎಡಗೈ ತೊಡೆಯ ಮೇಲೆ ಸುಮ್ಮನೆ ಇತ್ತು. ಹೆಬ್ಬೆರಳು ಮಾತ್ರ ತೋರುಬೆರಳಿನ ಮೇಲೆ ನಿಧಾನವಾಗಿ ಬತ್ತಿ ಹೊಸೆಯುತ್ತಿತ್ತು.

“ನೋಡ್ತಿದ್ದೀಯ” ಎಂದರು ಮೇಡಂ. ನಾನು ಕಿಟಕಿಯ ಕಡೆ ತಿರುಗಿದೆ.

“ಕಿಟಕಿ ಎಲ್ಲೂ ಹೋಗಲ್ಲ. ವೈವಾ ಅನ್ಕೋ. ಏನು ನೋಡ್ದೆ, ಹೇಳು. ಹೆಸರು ಹೇಳಿದ್ರೆ ಸೊನ್ನೆ.”

ಇಂಥ ಹೊತ್ತಿನಲ್ಲಿ ಏನು ಮಾತಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಆದರೆ ಈ ಪ್ರಶ್ನೆಗೆ ಹೇಗೆ ಉತ್ತರಿಸಬೇಕೆಂದು ಅವರೇ ಕಲಿಸಿದ್ದರು. ಎಡಗೈ ಸುಮ್ಮನಿದ್ದಾಗ ಮಾತ್ರ ನಡುಗುತ್ತದೆ, ಟಿಕೆಟ್ ತೆಗೆದುಕೊಳ್ಳಲು ಚಾಚಿದರೆ ನಿಲ್ಲುತ್ತದೆ ಎಂದೆ. ನಡೆಯುವಾಗ ಆ ಕೈ ಬೀಸುವುದಿಲ್ಲ. ಬ್ಯಾಗು ಎಡ ಭುಜದಿಂದ ಬಲಕ್ಕೆ ಬಂದಿದೆ. ಮೊನ್ನೆ ನನಗೆ ಬರೆದುಕೊಟ್ಟ ವಿಳಾಸದಲ್ಲಿ ಅಕ್ಷರಗಳು ಸಾಲಿನ ಕೊನೆಗೆ ಹೋಗುತ್ತ ಸಣ್ಣಗಾಗಿವೆ.

ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. “ವಾಸನೆ ವಿಷ್ಯ ಕೇಳ್ಲಿಲ್ಲ ನೀನು. ಎಷ್ಟೋ ಜನಕ್ಕೆ ಇದ್ರಲ್ಲಿ ಮೊದ್ಲು ಹೋಗೋದೇ ಅದು. ನಂಗೆ ಮಲ್ಲಿಗೆ ವಾಸನೆ ಬಂದು ಎಷ್ಟು ಕಾಲ ಆಯ್ತೋ. ಪೂರ್ತಿ ಮಾರ್ಕ್ಸ್ ಕೊಡಕ್ಕಾಗಲ್ಲ.”

ಸ್ವಲ್ಪ ದೂರ ಹೋದ ಮೇಲೆ, “ಈಗ ಹೆಸರು ಹೇಳು” ಎಂದರು.

ಹೇಳಿದೆ. ಬಸ್ಸಿನ ಸದ್ದಿನಲ್ಲಿ ಅದು ಅವರಿಗೆ ಕೇಳಿಸಿತೋ ಇಲ್ಲವೋ. ಎಷ್ಟೋ ಸಲ ಬರೆದು ಅಂಕ ಪಡೆದ ಹೆಸರು ಅದು.

“ಹೆದರಿಕೆ ಇಲ್ಲ ಅಂತಲ್ಲ” ಎಂದರು ಅವರು. “ನಿಂತು ಪಾಠ ಮಾಡ್ಬೇಕು, ನನ್ನ ಕಾಲಲ್ಲಿ ನಾನು ನಡ್ಕೊಂಡು ಓಡಾಡ್ಬೇಕು. ಇವೆರಡು ಉಳಿದ್ರೆ ಬೇರೆದೆಲ್ಲ ಹೋಗ್ಲಿ. ಒಂದು ಕಡೆ ಕೂರಿಸ್ಬಿಟ್ರೆ ನಾನಿಲ್ಲ.”

ಮುಂದಿನ ವಾರ ಶಿವಮೊಗ್ಗದ ನರರೋಗ ತಜ್ಞರಲ್ಲಿಗೆ ಇಬ್ಬರೂ ಹೋದೆವು. ಅವರು ಮಾತ್ರೆ ಬರೆದುಕೊಟ್ಟು, ಯಾವ ಕಾರಣಕ್ಕೂ ನಡಿಗೆ ನಿಲ್ಲಿಸಬೇಡಿ ಎಂದರು. ಪಾಠ ನಿವೃತ್ತಿಯವರೆಗೂ ನಡೆಯಿತು. ಬಲ ಅರ್ಧ ಮೇಡಂದು, ಎಡ ಅರ್ಧ ಮಕ್ಕಳದು. ಎಡಗಡೆಯ ತಲೆಬುರುಡೆಗಳು ಒಂದೊಂದು ದಿನ ಒಂದೊಂದು ಥರ ಇರುತ್ತಿದ್ದವಂತೆ.

ನಿವೃತ್ತಿಯ ನಂತರ ಉಳಿದದ್ದು ನಡಿಗೆ. ಜನ್ನಾಪುರದಲ್ಲಿ ಅವರ ಮನೆಯ ಬೀದಿಯ ಕೊನೆಗೊಂದು ಸಣ್ಣ ಪಾರ್ಕಿದೆ. ಅಲ್ಲಿ ಸಂಜೆ ಸುತ್ತು ಹಾಕುವುದು ಅವರ ಹಳೆಯ ಅಭ್ಯಾಸ. ತೊಂದರೆ ಶುರುವಾದದ್ದು ಪಾರ್ಕಿನ ಗೇಟಿನಲ್ಲಿ. ದನ ನುಗ್ಗದಿರಲೆಂದು ಆ ಗೇಟನ್ನು ಇಕ್ಕಟ್ಟಾಗಿ ಮಾಡಿದ್ದಾರೆ. ಬೀದಿಯುದ್ದಕ್ಕೂ ಚೆನ್ನಾಗಿ ನಡೆದು ಬಂದವರು ಅಲ್ಲಿ ಗಕ್ಕನೆ ನಿಂತುಬಿಡುತ್ತಿದ್ದರು. ಪಾದಗಳು ನೆಲಕ್ಕೆ ಅಂಟಿದ ಹಾಗೆ. ಈ ಕಾಯಿಲೆಯಲ್ಲಿ ಬಾಗಿಲು, ಇಕ್ಕಟ್ಟು, ತಿರುವುಗಳಲ್ಲಿ ಹೀಗಾಗುತ್ತದೆ. ಹಿಂದಿನವರು “ಹೋಗ್ರಮ್ಮಾ” ಎಂದಷ್ಟೂ ಕಾಲು ಬಿಗಿಯುತ್ತಿತ್ತು. ಒಮ್ಮೆ ಯಾರೋ ಸಹಾಯವೆಂದು ಬೆನ್ನಿಗೆ ಕೈಯಿಟ್ಟು ತಳ್ಳಿ, ಮೇಡಂ ಮುಗ್ಗರಿಸಿದರು. ಜೊತೆಗೆ ಒಬ್ಬರು ಬೇಕೇ ಬೇಕಾಯಿತು. ನನಗೆ ಬಿಡುವು ಭಾನುವಾರ ಮಾತ್ರ. ಗಿರಿಜಮ್ಮನವರನ್ನು ಕೇಳೋಣವೆಂದು ಅವರ ಜಗಲಿಗೆ ಹೋದೆವು.

“ಪಾರ್ಕಿಗಾ?” ಗಿರಿಜಮ್ಮ ಕುಳಿತಲ್ಲೇ ಹಿಂದಕ್ಕೆ ಸರಿದರು. “ನಾನು ಮೊದ್ಲಿಂದ ಬಡ್ಕೊಂಡೆ, ದಿನಾ ಸಂಜೆ ಆ ತಂಡೀಲಿ ಹೋಗಿ ಕೂರ್ಬೇಡಿ ಅಂತ. ಕೇಳಿದ್ರಾ? ಈಗ ಪಾರ್ಕಿನ ಕಾಯಿಲೆ ಹತ್ಕೊಂತು. ಸಾಲ್ದು ಅಂತ ನನ್ನೂ ಕರೀತೀರಲ್ಲ!”

“ಏನ್ ಕಾಯಿಲೆ ಅಂದ್ರಿ?” ಎಂದರು ಮೇಡಂ.

“ಪಾರ್ಕಿನ ಕಾಯಿಲೆ. ನಿಮ್ಮ ಡಾಕ್ಟ್ರೇ ಅಂದಿದ್ದಲ್ವಾ? ಇಡೀ ಬೀದಿಗೆ ಗೊತ್ತು.”

ಆ ಹೊತ್ತಿಗೆ ಮೇಡಂ ಮುಖದಲ್ಲಿ ಭಾವನೆ ಮೂಡುವುದು ಕಡಿಮೆಯಾಗಿತ್ತು. ಅವರು ನಗುತ್ತಿದ್ದಾರೆಂದು ತಿಳಿಯಬೇಕಾದರೆ ಭುಜ ನೋಡಬೇಕಿತ್ತು. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು.

ನಾನು ಗಂಭೀರವಾಗಿ ವಿವರಿಸಲು ಹೊರಟೆ. “ಅದು ಪಾರ್ಕಿಂದ ಬರೋದಲ್ಲ ಅಜ್ಜಿ. ಪಾರ್ಕಿನ್ಸನ್ ಅಂತ ಡಾಕ್ಟ್ರೊಬ್ಬರಿದ್ರು, ಅವರ ಹೆಸರು.”

“ಮತ್ತೆ ಡಾಕ್ಟ್ರಾ? ಅವತ್ತು ಆ ಕೋಳಿ ಡಾಕ್ಟ್ರು, ಇವತ್ತು ಇವರು. ಕಂಡೋರ ಕಾಯಿಲೆಗೆಲ್ಲ ತಮ್ಮ ಹೆಸರು ಇಟ್ಕೊಂಡು ಓಡಾಡೋದು ಬಿಟ್ರೆ ಬೇರೆ ಕೆಲ್ಸ ಇರ್ಲಿಲ್ವಾ ಇವರಿಗೆ?”

“ಅದು ಒಬ್ಬರಿಂದ ಒಬ್ಬರಿಗೆ ಅಂಟೋದೂ ಅಲ್ಲ, ಅಜ್ಜಿ.”

“ಸರಿ ಬಿಡು” ಎಂದು ಗಿರಿಜಮ್ಮ ಒಳಗೆ ಕಾಫಿ ಇಡಲು ಹೋದರು. ಮಾತು ಮುಗಿಸಬೇಕಾದಾಗ ಅವರು ಹಾಗೆ ಅನ್ನುತ್ತಾರೆ. ಜಗಲಿಯಲ್ಲಿ ನಾವಿಬ್ಬರೇ ಉಳಿದಾಗ ಮೇಡಂ, “ತಿದ್ದಬೇಡ ಕಣೆ, ಚೆನ್ನಾಗಿದೆ. ಈ ಬೀದಿಯೋರು ನನ್ನನ್ನ ನೋಡಿದ್ದು ಪಾರ್ಕಲ್ಲೇ ಅಲ್ವಾ? ನೋಡಿದ ಜಾಗದ ಹೆಸರಿಟ್ಟಿದ್ದಾರೆ” ಎಂದರು.

ಮರು ಭಾನುವಾರ ನಾನು ಹೋಗುವಷ್ಟರಲ್ಲಿ ಗಿರಿಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಮೇಡಂ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಬೇಸಿಗೆಯ ಸಂಜೆ ಅದು. ನನ್ನ ವಿವರಣೆ ತಲುಪಿತೆಂದು ನನಗೆ ಸಮಾಧಾನವಾಯಿತು.

ಗೇಟಿನಲ್ಲಿ ಕಾಲು ಅಂಟಿಕೊಂಡಾಗ ಎಳೆಯಬಾರದು, ತಳ್ಳಬಾರದು. ಎದುರಿಗೆ ದಾಟಲು ಏನಾದರೂ ಅಡ್ಡ ಕಂಡರೆ ಕಾಲು ತಾನಾಗಿ ಏಳುತ್ತದೆ. ಆದ್ದರಿಂದ ನಿಮ್ಮ ಪಾದವನ್ನು ಮೇಡಂ ಪಾದದ ಮುಂದೆ ಅಡ್ಡಲಾಗಿ ಇಡಿ, ಅದನ್ನು ದಾಟಲು ಹೇಳಿ ಎಂದು ಗಿರಿಜಮ್ಮನವರಿಗೆ ತೋರಿಸಿಕೊಟ್ಟೆ. ಒಪ್ಪದವರು ಮೇಡಂ.

“ಹಿರಿಯರ ಕಾಲು ದಾಟೋದಾ? ಛೆ. ನಮ್ಮನೇಲಿ ಮಲಗಿದ್ದ ಮಗೂನೂ ದಾಟಕ್ಕೆ ಬಿಡ್ತಿರಲಿಲ್ಲ, ಬೆಳೆಯಲ್ಲ ಅಂತ.”

“ಈ ವಯಸ್ಸಲ್ಲಿ ನಾನು ಇನ್ನೆಷ್ಟು ಬೆಳೀಬೇಕು ಮೇಡಮ್ಮೋರೆ? ದಾಟಿ ಸುಮ್ನೆ” ಎಂದು ಗಿರಿಜಮ್ಮ ಚಪ್ಪಲಿ ಬಿಟ್ಟು ಪಾದ ಅಡ್ಡವಿಟ್ಟರು.

ಮೇಡಂ ಆ ಪಾದವನ್ನೇ ನೋಡುತ್ತ ನಿಂತರು. ಬಲಗಾಲು ಎದ್ದಿತು, ದಾಟಿತು. ಎಡಗಾಲು ಹಿಂದೆಯೇ ಬಂತು. ದಾಟಿದವರು ತಿರುಗಿ, ಬಗ್ಗಲಾಗದೆ, ಗಿರಿಜಮ್ಮನವರ ಮೊಣಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅಂದಿನಿಂದ ಅದೇ ಪದ್ಧತಿಯಾಯಿತು. ಹೋಗುವಾಗ ಒಮ್ಮೆ ದಾಟುವುದು, ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಬರುವಾಗ ಇನ್ನೊಮ್ಮೆ. ಗೇಟಿನ ಹತ್ತಿರ ಚುರುಮುರಿ ಮಾರುವವನು ಇವರು ಬಂದರೆ ತನ್ನ ಗಾಡಿಯನ್ನು ಪಕ್ಕಕ್ಕೆ ಸರಿಸಿ, “ಗಿರಿಜಮ್ಮ, ಕಾಲು ಇಡಿ” ಎನ್ನುತ್ತಿದ್ದ.

ಹೀಗೆ ಕೆಲವು ವರ್ಷ ನಡೆಯಿತು. ಮೇಡಂ ದನಿ ಸಣ್ಣದಾಯಿತು, ಹೆಜ್ಜೆ ಸಣ್ಣದಾಯಿತು, ಸುತ್ತುಗಳು ಕಡಿಮೆಯಾದವು. ಆದರೆ ಅವರನ್ನು ಯಾರೂ ಒಂದು ಕಡೆ ಕೂರಿಸಲಿಲ್ಲ. ಈಚೆಗೆ ಜ್ವರ ಬಂದು ಮಲಗಿದವರು ಒಂದು ವಾರದೊಳಗೆ ಹೋಗಿಬಿಟ್ಟರು. ಜ್ವರ ಬರುವ ಹಿಂದಿನ ಸಂಜೆಯವರೆಗೂ ಗೇಟು ದಾಟಿದ್ದರು.

ಸೂಚನಾ ಫಲಕದ ಆ ಫೋಟೋ ಬಂದ ಮೇಲಿನ ಭಾನುವಾರ, ಹೋಗಬೇಕಾದ ಕೆಲಸವೇನೂ ಇಲ್ಲದಿದ್ದರೂ ಜನ್ನಾಪುರಕ್ಕೆ ಹೋದೆ. ಗಿರಿಜಮ್ಮ ಮನೆಯಲ್ಲಿರಲಿಲ್ಲ. ಪಾರ್ಕಿನಲ್ಲಿ, ಗೇಟಿಗೆ ಹತ್ತಿರದ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಸ್ವೆಟರ್ ಇತ್ತು, ಮಫ್ಲರ್ ಇತ್ತು. ನಾನು ಪಕ್ಕದಲ್ಲಿ ಕೂತೆ. ಅವರು ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು.

“ಸರಿಯಾಗಿ ನೋಡಿ ಹೇಳು. ನಡುಗ್ತಿದ್ಯಾ?”

“ಯಾಕಜ್ಜಿ?”

“ಮೇಡಮ್ಮೋರು ಇರೋವರ್ಗೂ ಕೇಳ್ಲಿಲ್ಲ. ಕೇಳಿದ್ರೆ ಅವರು ನನ್ನ ಜೊತೆ ಬರೋದು ಬಿಟ್ಬಿಡೋರು. ಈಗ ಹೇಳು, ನಂಗೂ ಬಂತಾ ಪಾರ್ಕಿನ ಕಾಯಿಲೆ?”

“ಪಾರ್ಕಿಂದ ಬರಲ್ಲ, ಅಂಟೋದಲ್ಲ ಅಂತ ಅವತ್ತೇ ಹೇಳಿದ್ನಲ್ಲ, ಅಜ್ಜಿ?”

“ನೀನೇನೋ ಹೇಳಿದ್ದೆ. ನೀನು ಮೇಡಮ್ಮೋರ ಹುಡುಗಿ. ಅವರಿಗೆ ಜೊತೆ ಸಿಗ್ಲಿ ಅಂತ ಹಂಗಂದೆ ಅನ್ಕೊಂಡೆ.”

“ನಂಬದೇನೇ ಇಷ್ಟು ವರ್ಷ ದಿನಾ ಬಂದ್ರಾ?”

“ಮತ್ತೇನ್ ಮಾಡ್ಲಿ ಮಾರಾಯ್ತಿ? ಗೇಟಲ್ಲಿ ನಿಂತ್ಬಿಡ್ತಿದ್ರಲ್ಲ.”

ಚಾಚಿದ ಕೈಯನ್ನು ನೋಡಿದರೆ ಇದು ತಿಳಿಯುವುದಿಲ್ಲ, ಸುಮ್ಮನಿಟ್ಟ ಕೈಯನ್ನು ನೋಡಬೇಕು. ಅವರ ಕೈಗಳನ್ನು ಹಿಡಿದು ಅವರ ತೊಡೆಯ ಮೇಲೆ ಇಟ್ಟೆ. ಆಟವಾಡುವ ಮಕ್ಕಳನ್ನು ನೋಡುತ್ತಿರಿ, ಕೈಯನ್ನು ಮರೆತುಬಿಡಿ ಎಂದೆ. ಬಲಗೈ ನೋಡಿದೆ. ಎಡಗೈ ನೋಡಿದೆ. ಉಗುರಿನ ಸಂದಿಯಲ್ಲಿ ವಿಭೂತಿ ಇತ್ತು. ಮುರಿದು ಕೂಡಿಕೊಂಡ ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು. ಹೆಬ್ಬೆರಳು ತೋರುಬೆರಳಿನ ಪಕ್ಕದಲ್ಲಿ ಅಲುಗದೆ ಮಲಗಿತ್ತು.

ನೋಡಿದ್ದನ್ನೆಲ್ಲ ಹೇಳಿದೆ. ಯಾವ ಹೆಸರನ್ನೂ ಹೇಳಲಿಲ್ಲ.

ಗಿರಿಜಮ್ಮ ಮಕ್ಕಳ ಕಡೆಯಿಂದ ಕಣ್ಣು ತೆಗೆಯದೆ, “ಇನ್ನೊಂದ್ಸಲ ನೋಡು” ಎಂದರು.

ಇನ್ನೊಮ್ಮೆ ನೋಡಿದೆ.